ಕಾಣೆ ಗಾಳಕ್ಕೆ ದೊಡ್ಡ ಮೀನು ಬಿದ್ದಾಗ: ಡ್ರ್ಯಾಗ್ ಅರ್ಥವಾದ ಬಗೆ

ಕೋಡಿ ಬೆಂಗ್ರೆಯಲ್ಲಿ ಸುವರ್ಣಾ, ಸೀತಾ ಎರಡೂ ಹೊಳೆ ಸೇರಿ ಕಡಲಿಗೆ ಬೀಳುವ ಅಳಿವೆಯ ಹತ್ತಿರ ನಾನು ಗಾಳ ಹಾಕುವುದು ಕಾಣೆ ಮೀನಿಗೆ. ಏಳಡಿಯ ಹಗುರ ರಾಡ್, 2500 ಸೈಜಿನ ರೀಲ್, 10 ಪೌಂಡ್ ಎಳೆತ ತಾಳುವ ನೈಲಾನ್ ನೂಲು, ಸಣ್ಣ ಗಾಳಕ್ಕೆ ಒಂದು ಚೂರು ಸಿಗಡಿ. ಕಾಣೆಗೆ ಇದು ಧಾರಾಳ. ಆದರೆ ಅಳಿವೆಯಲ್ಲಿ ಕಡಲಿನ ಮೀನೂ ಒಳಗೆ ಬರುತ್ತದೆ. ಕಳೆದ ತಿಂಗಳು ಒಂದು ಮೀನು ಸಿಗಡಿ ನುಂಗಿ ಕಡಲಿನ ಕಡೆಗೆ ಒಂದೇ ಓಟ ಓಡಿತು. ಅರ್ಧ ನಿಮಿಷದಲ್ಲಿ ನೂಲು ತುಂಡು. ಯಾವ ಮೀನೆಂದೂ ಗೊತ್ತಾಗಲಿಲ್ಲ. ಎರಡು ವಾರದ ನಂತರ ಅದೇ ರಾಡ್, ಅದೇ ನೂಲಿನಲ್ಲಿ ಮೂರೂವರೆ ಕೆ.ಜಿ.ಯ ಕೆಂಬೇರಿ ದಡಕ್ಕೆ ಬಂತು. ನಡುವೆ ಕಲಿತದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಗಂಟು ಹಾಕುವುದು, ಬೀಸುವುದು ಇಲ್ಲಿ ಇಲ್ಲ.

ನೂಲು ಯಾಕೆ ತಡೆಯುತ್ತದೆ

10 ಪೌಂಡ್ ಎಂದರೆ ಸುಮಾರು 4.5 ಕೆ.ಜಿ. ಹಾಗಾದರೆ 6 ಕೆ.ಜಿ. ಮೀನು ಬಿದ್ದರೆ ನೂಲು ಕಡಿಯಲೇಬೇಕಲ್ಲ ಎಂದು ನಾನೂ ಅಂದುಕೊಂಡಿದ್ದೆ. ಹಾಗಲ್ಲ. ನೀರಿನೊಳಗೆ ಮೀನಿನ ತೂಕ ನೂಲಿಗೆ ಬೀಳುವುದೇ ಇಲ್ಲ ಎನ್ನಬಹುದು. ನೀರೇ ಅದನ್ನು ಹೊತ್ತಿರುತ್ತದೆ. ನೂಲಿಗೆ ಬೀಳುವುದು ಅದು ಓಡುವ ಎಳೆತ ಮಾತ್ರ. ಆ ಎಳೆತ ಒಂದು ಮಿತಿ ದಾಟಿದ ಕೂಡಲೇ ರೀಲ್ ಜಾರಿ ನೂಲು ಬಿಟ್ಟುಕೊಡಬೇಕು. ಆ ಮಿತಿಯೇ ಡ್ರ್ಯಾಗ್.

ನಾನು ಎಡವಿದ್ದು ಇಲ್ಲಿ

ಮೀನು ಓಡಿದಾಗ ಸ್ಪೂಲಿನಲ್ಲಿ (ರೀಲಿನಲ್ಲಿ ನೂಲು ಸುತ್ತಿರುವ ಉರುಳೆ) ನೂಲು ಕರಗುತ್ತಾ ಬಂತು. ಹೆದರಿ ಡ್ರ್ಯಾಗ್ ಗುಬ್ಬಿಯನ್ನು, ಅಂದರೆ ಆ ಮಿತಿಯನ್ನು ಹೆಚ್ಚು ಕಡಿಮೆ ಮಾಡುವ ತಿರುಪನ್ನು, ಎರಡು ಸಲ ಬಿಗಿ ಮಾಡಿದೆ. ಪಕ್ಕದ ಕಲ್ಲಿನ ಮೇಲೆ ಗಾಳ ಹಾಕುತ್ತಿದ್ದ ಹಿರಿಯರೊಬ್ಬರು, "ಎಂತ ಮಾಡ್ತಿ ಮಾರಾಯ, ಬಿಡು, ಓಡ್ಲಿ ಅದು!" ಎಂದು ಕೂಗಿದರು. ಅಷ್ಟರಲ್ಲಿ ನೂಲು ಹೋಗಿಯಾಗಿತ್ತು. "ನೂಲು ಮುಗಿಯುತ್ತಾ ಬಂದಿತ್ತಲ್ಲ ಅಣ್ಣ, ಬಿಗಿ ಮಾಡದೆ ಇನ್ನೇನು ಮಾಡುವುದು?" ಎಂದೆ. "ಮುಗಿಯುತ್ತಾ ಬಂದಾಗಲೇ ಸಡಿಲ ಮಾಡ್ಬೇಕು" ಎಂದರು. ಆ ಮಾತು ನನ್ನ ತಲೆಗೆ ಇಳಿಯಲು ಮೂರು ದಿನ ಹಿಡಿಯಿತು.

ಕೊನೆಗೆ ಸ್ಕೇಲ್ ಹಿಡಿದು ಸ್ಪೂಲ್ ಅಳೆದೆ. ನೂಲು ತುಂಬಿದ್ದಾಗ ಅಡ್ಡಳತೆ 46 ಮಿ.ಮೀ. ನೂಲು ಬಹಳಷ್ಟು ಹೋದ ಮೇಲೆ 34 ಮಿ.ಮೀ. ಗುಬ್ಬಿ ಮುಟ್ಟದಿದ್ದರೆ ಒಳಗಿನ ವಾಷರುಗಳು ಸ್ಪೂಲ್ ತಿರುಗದಂತೆ ಹಿಡಿಯುವ ಬಲ ಬದಲಾಗುವುದಿಲ್ಲ. ಆದರೆ ಮೀನು ಸ್ಪೂಲನ್ನು ತಿರುಗಿಸುವುದು ಅಂಚಿನಿಂದ ಎಳೆದು. ಬಾವಿಯ ರಾಟೆಯನ್ನು ನೆನೆಸಿಕೊಳ್ಳಿ: ದೊಡ್ಡ ರಾಟೆಯನ್ನು ಅಂಚಿನಲ್ಲಿ ಹಿಡಿದು ತಿರುಗಿಸುವುದು ಸುಲಭ, ನಡುವಿನ ಅಚ್ಚಿನ ಹತ್ತಿರ ಹಿಡಿದರೆ ಕಷ್ಟ. ಸ್ಪೂಲ್ ಸಣ್ಣದಾದಷ್ಟೂ ಮೀನು ಹೆಚ್ಚು ಎಳೆಯಬೇಕು. ಆ ಹೆಚ್ಚಿನ ಎಳೆತವನ್ನು ತಾಳಿಕೊಳ್ಳಬೇಕಾದದ್ದು ನೂಲು.

ಲೆಕ್ಕ ಹೀಗೆ: 46ನ್ನು 34ರಿಂದ ಭಾಗಿಸಿದರೆ 1.35. ಮೊದಲು ಡ್ರ್ಯಾಗ್ 1.3 ಕೆ.ಜಿ. ಇದ್ದಿದ್ದರೆ ಈಗ ತಾನಾಗಿಯೇ 1.75 ಕೆ.ಜಿ. ಸ್ಪೂಲಿನ ಅಡ್ಡಳತೆ ಅರ್ಧಕ್ಕೆ ಇಳಿದರೆ ಎಳೆತ ಎರಡರಷ್ಟು. ಇದರ ಮೇಲೆ, ದೂರ ಹೋದ ನೂಲು ನೀರಿನಲ್ಲಿ ಬಿಲ್ಲಿನಂತೆ ಬಾಗಿ ನೀರನ್ನು ಸೀಳಿಕೊಂಡು ಹೋಗುತ್ತದೆ, ಅದರ ಭಾರ ಬೇರೆ. ರಾಡ್ ಬಗ್ಗಿದಷ್ಟೂ ನೂಲು ಉಂಗುರಗಳಿಗೆ ಉಜ್ಜುತ್ತದೆ, ಅದೊಂದು ಭಾರ. ಗಂಟಿನ ಜಾಗದಲ್ಲಿ ನೂಲಿಗೆ ಪೂರ್ತಿ 4.5 ಕೆ.ಜಿ.ಯ ಶಕ್ತಿ ಮೊದಲೇ ಇರುವುದಿಲ್ಲ. ಇಷ್ಟೆಲ್ಲ ಸೇರಿರುವಾಗ ನಾನು ಗುಬ್ಬಿಯನ್ನೂ ಬಿಗಿ ಮಾಡಿದೆ.

ಆದ್ದರಿಂದ ಮೊದಲೇ ಮನೆಯಲ್ಲಿ ಸ್ಪ್ರಿಂಗ್ ತಕ್ಕಡಿಗೆ ನೂಲು ಕಟ್ಟಿ ಡ್ರ್ಯಾಗ್ ಅಳೆಯಿರಿ. ನೂಲಿನ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಎಳೆದಾಗ ಸ್ಪೂಲ್ ಜಾರಬೇಕು. 10 ಪೌಂಡಿಗೆ 1.1ರಿಂದ 1.5 ಕೆ.ಜಿ. ನಾನು 1.1ಕ್ಕೆ ಇಡುತ್ತೇನೆ. ಕೈಯಲ್ಲಿ ಎಳೆದು ನೋಡಿ "ಸಾಕು" ಎನ್ನುವ ಅಂದಾಜು ನನ್ನದು ಎರಡು ಪಟ್ಟು ತಪ್ಪಿತ್ತು. ಇನ್ನೊಂದು: ತಕ್ಕಡಿಯ ಮುಳ್ಳು ಸ್ಪೂಲ್ ಜಾರಲು ಶುರುವಾಗುವ ಕ್ಷಣದಲ್ಲಿ ಮೇಲೆ ಹಾರಿ ಆಮೇಲೆ ಇಳಿಯುತ್ತದೆ. ಆ ಹಾರಿದ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ನೂಲು ಕಡಿಯುವುದು ಆ ಜರ್ಕಿಗೆ.

ಬೆರಳಿನ ಬ್ರೇಕ್

ಹಿರಿಯರು ಕಲಿಸಿದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಮೀನು ಗಾಳದಲ್ಲಿರುವಾಗ ಗುಬ್ಬಿ ಮುಟ್ಟಲೇಬೇಡಿ. ಹೆಚ್ಚು ತಡೆ ಬೇಕಾದರೆ ತೋರುಬೆರಳಿನ ತುದಿಯಿಂದ ಸ್ಪೂಲಿನ ಅಂಚನ್ನು ಮೆಲ್ಲಗೆ ಒತ್ತಿ. ಮೀನು ತಲೆ ಕೊಡವಿದರೆ ಬೆರಳು ಎತ್ತಿ. ಗುಬ್ಬಿ ಎಷ್ಟು ತಿರುಗಿಸಿದೆವು ಎಂದು ಗಡಿಬಿಡಿಯಲ್ಲಿ ನೆನಪಿರುವುದಿಲ್ಲ, ಬೆರಳನ್ನು ಎತ್ತಿದರೆ ಮುಗಿಯಿತು. ಮನೆಯಲ್ಲಿ ತಮ್ಮನ ಕೈಯಲ್ಲಿ ನೂಲು ಕೊಟ್ಟು ಅಂಗಳದಲ್ಲಿ ಓಡಿಸಿ ಅಭ್ಯಾಸ ಮಾಡಿದೆ. ಒಂದು ಸಂಜೆಯಲ್ಲಿ ಕೈಗೆ ಬಂತು.

ಕೆಂಬೇರಿಗೆ ಲೆಕ್ಕ ಬೇರೆ

"ಓಡಲು ಬಿಡು" ಎನ್ನುವುದು ಮರಳಿನ ಜಾಗಕ್ಕೆ. ಕೆಂಬೇರಿ ಕಲ್ಲಿನ ಸಂದಿಯ ಮೀನು. ಎರೆ ಕಚ್ಚಿದ ಕೂಡಲೇ ಮನೆಗೆ ಓಡುತ್ತದೆ, ಮನೆ ಎರಡು ಮೂರು ಮಾರು ದೂರದಲ್ಲೇ ಇರುತ್ತದೆ. ಮಲ್ಪೆಯ ತಡೆಗೋಡೆಯ ಕಲ್ಲಿನಲ್ಲಿ ಅದು ಕಚ್ಚಿದಾಗ ಬೆರಳು ಒತ್ತಿ ಹಿಡಿದು, ರಾಡನ್ನು ತಗ್ಗಿಸಿ ಒಂದು ಬದಿಗೆ ಎಳೆದೆ. ರಾಡ್ ನೆಟ್ಟಗೆ ಮೇಲೆತ್ತಿದರೆ ತುದಿ ಮಾತ್ರ ಬಗ್ಗುತ್ತದೆ, ಮೀನಿಗೆ ಏನೂ ತಾಗುವುದಿಲ್ಲ. ತಗ್ಗಿಸಿದರೆ ಬುಡದ ಬಲ ಸಿಗುತ್ತದೆ. ತಲೆ ಕಲ್ಲಿನಿಂದ ಆಚೆ ತಿರುಗಿದ ಮೇಲೆ ಬೆರಳು ಎತ್ತಿ ಓಡಲು ಬಿಟ್ಟೆ.

ಒಮ್ಮೆ ಸಂದಿಗೆ ಹೊಕ್ಕಿತು ಕೂಡ. ಎಳೆಯಲಿಲ್ಲ. ನೂಲು ಪೂರ್ತಿ ಸಡಿಲ ಬಿಟ್ಟು ಕಾದೆ. ಎಳೆತ ನಿಂತರೆ ಎಷ್ಟೋ ಸಲ ಮೀನು ತಾನೇ ಹೊರಗೆ ಬರುತ್ತದೆ. ಸುಮಾರು ಎರಡು ನಿಮಿಷದ ಮೇಲೆ ನೂಲು ಮೆಲ್ಲಗೆ ಸರಿಯಿತು.

ಉಳಿದದ್ದು ಚುಟುಕಾಗಿ

ಸ್ಪೂಲ್ ಜಾರುತ್ತಿರುವಾಗ ಹಿಡಿಕೆ ತಿರುಗಿಸಬೇಡಿ. ನನ್ನ ರೀಲ್ 5.2:1, ಅಂದರೆ ಹಿಡಿಕೆ ಒಂದು ಸುತ್ತು ತಿರುಗಿದರೆ ನೂಲು ಸುತ್ತುವ ಭಾಗ 5.2 ಸುತ್ತು. ಹಾಗಾಗಿ ಒಂದು ಸುತ್ತಿಗೆ ನೂಲಿಗೆ ಐದು ತಿರುಚು ಬೀಳುತ್ತದೆ, ಮೀನು ಒಂದಿಂಚೂ ಹತ್ತಿರ ಬರುವುದಿಲ್ಲ. ರಾಡನ್ನು ನಿಧಾನ ಎತ್ತಿ, ಇಳಿಸುವಾಗ ಸುತ್ತಿಕೊಳ್ಳಿ.

ದಡದಲ್ಲಿ ನೂಲು ಹಿಡಿದು ಎತ್ತಬೇಡಿ. ನೀರು ಬಿಟ್ಟ ಕೂಡಲೇ ಪೂರ್ತಿ ತೂಕ ನೂಲಿಗೆ ಬರುತ್ತದೆ, ಅದರ ಮೇಲೆ ಮೀನಿನ ಕೊಡವಾಟ. ತೆರೆ ಬರುವಾಗ ಅದರ ಜೊತೆಗೆ ತನ್ನಿ, ತೆರೆ ಹಿಂದೆ ಸರಿಯುವಾಗ ಎಳೆಯದೆ ಸ್ವಲ್ಪ ಬಿಟ್ಟುಕೊಡಿ. ಕೈಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿಟ್ಟು, ಮೀನಿನ ತಲೆ ಮೊದಲು ಒಳಗೆ ಬರುವಂತೆ ನಡೆಸಿ. ಬಾಲದ ಕಡೆಯಿಂದ ಬಲೆ ತಾಗಿಸಿದರೆ ಮತ್ತೊಂದು ಓಟ ಖಂಡಿತ. ಹಸಿರು ಪಾಚಿ ಇರುವ ಕಲ್ಲಿಗೆ ಮಾತ್ರ ಯಾವ ಮೀನಿಗಾಗಿಯೂ ಇಳಿಯಬೇಡಿ.

ಮೀನು ಬಂದ ಮೇಲೆ ಕೊನೆಯ ಎರಡು ಮಾರು ನೂಲನ್ನು ಬೆರಳುಗಳ ನಡುವೆ ಎಳೆದು ನೋಡಿ. ಒರಟು ಸಿಕ್ಕಿದಲ್ಲಿಗೆ ಕತ್ತರಿಸಿ ಹೊಸ ಗಂಟು ಹಾಕಿ. ಮನೆಗೆ ಹೊರಡುವಾಗ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿಡಿ, ಇಲ್ಲದಿದ್ದರೆ ವಾಷರುಗಳು ಒತ್ತಿ ಕೂತುಬಿಡುತ್ತವೆ. ಮರುದಿನ ಮತ್ತೆ ತಕ್ಕಡಿ.