ಸೋಲೊಪ್ಪಬೇಕಿರದ ಆಟ

ಚದುರಂಗದಲ್ಲಿ ಮನುಷ್ಯ ಕಂಪ್ಯೂಟರಿಗೆ ಸೋತದ್ದು ಯಾವಾಗ ಎಂದರೆ 1997ರ ಮೇ 11 ಎನ್ನುವವರೇ ಹೆಚ್ಚು. ಅಂದು ನ್ಯೂಯಾರ್ಕ್‌ನಲ್ಲಿ ಐಬಿಎಂನ ಡೀಪ್ ಬ್ಲೂ ಆರನೇ ಆಟವನ್ನು 19 ನಡೆಗಳಲ್ಲಿ ಮುಗಿಸಿ, ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರ ಮೇಲೆ 3.5–2.5ರಿಂದ ಸರಣಿ ಗೆದ್ದಿತು. ನನ್ನ ಮಟ್ಟಿಗೆ ಆ ಸೋಲು ಅದಕ್ಕೂ ಒಂದು ವಾರ ಮೊದಲು, ಎರಡನೇ ಆಟದಲ್ಲೇ ಆಗಿಹೋಗಿತ್ತು.

ಯಂತ್ರದ ಬಗ್ಗೆ ಮನುಷ್ಯನಿಗೆ ಅಂಜಿಕೆಯೇ ಇಲ್ಲದ ಕಾಲವೊಂದಿತ್ತು. 1968ರಲ್ಲಿ ಸ್ಕಾಟ್ಲೆಂಡ್ ಚಾಂಪಿಯನ್ ಡೇವಿಡ್ ಲೆವಿ, ಇನ್ನು ಹತ್ತು ವರ್ಷ ಯಾವ ಕಂಪ್ಯೂಟರೂ ತನ್ನನ್ನು ಸೋಲಿಸಲಾರದು ಎಂದು ವಿಜ್ಞಾನಿಗಳೊಂದಿಗೆ ಪಂದ್ಯ ಕಟ್ಟಿದರು. 1978ರಲ್ಲಿ ಟೊರೊಂಟೊದಲ್ಲಿ ಚೆಸ್ 4.7 ಎಂಬ ಪ್ರೋಗ್ರಾಂ ಅನ್ನು 3.5–1.5ರಿಂದ ಮಣಿಸಿ ಗೆದ್ದೂ ಬಿಟ್ಟರು. ಅವರ ಉಪಾಯ ಸರಳ: ಹೊಡೆದಾಟಕ್ಕೆ ಇಳಿಯದೆ ತಾಳ್ಮೆಯಿಂದ ಕಾಯುವುದು. ಮಾಡಲು ಏನೂ ತೋಚದ ಯಂತ್ರ ತನ್ನ ಸ್ಥಿತಿಯನ್ನು ತಾನೇ ಕೆಡಿಸಿಕೊಳ್ಳುತ್ತಿತ್ತು.

ಅದಕ್ಕೆ ಕಾರಣವಿದೆ. ಒಂದು ಸ್ಥಿತಿಯಲ್ಲಿ ಸಾಮಾನ್ಯವಾಗಿ ಮೂವತ್ತಕ್ಕೂ ಹೆಚ್ಚು ನಡೆಗಳು ಸಾಧ್ಯ. ಇನ್ನೊಂದು ನಡೆ ಮುಂದೆ ನೋಡಬೇಕೆಂದರೆ ಲೆಕ್ಕ ಮತ್ತೆ ಅಷ್ಟು ಪಟ್ಟು ಬೆಳೆಯುತ್ತದೆ. ಲೆಕ್ಕ ನಿಂತ ಜಾಗದಿಂದಾಚೆ ಯಂತ್ರಕ್ಕೆ ಕತ್ತಲು. ಆ ಕತ್ತಲನ್ನು ದೂರ ತಳ್ಳಿದ್ದು ವೇಗ. 1989ರಲ್ಲಿ ಡೀಪ್ ಥಾಟ್ ಎಂಬ ಯಂತ್ರ ಲೆವಿಯವರನ್ನು 4–0ಯಿಂದ ಸೋಲಿಸಿತು, ಆದರೆ ಅದೇ ವರ್ಷ ಕಾಸ್ಪರೋವ್ ಎದುರು ಎರಡೂ ಆಟ ಸೋತಿತು. ಅದರ ಮುಂದಿನ ಪೀಳಿಗೆಯೇ ಡೀಪ್ ಬ್ಲೂ. 1996ರಲ್ಲಿ ಫಿಲಡೆಲ್ಫಿಯಾದಲ್ಲಿ ಅದು ಮೊದಲ ಆಟ ಗೆದ್ದು ಬೆಚ್ಚಿಬೀಳಿಸಿದರೂ ಸರಣಿಯನ್ನು ಕಾಸ್ಪರೋವ್ 4–2ರಿಂದ ಗೆದ್ದರು. ಮರುವರ್ಷ ಬಂದ ಯಂತ್ರದಲ್ಲಿ ಚದುರಂಗಕ್ಕೆಂದೇ ಮಾಡಿದ 480 ಚಿಪ್‌ಗಳಿದ್ದವು. ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಅದು ತೂಗುತ್ತಿತ್ತು.

ಈಗ ಮೇ 4ರ ಆ ಎರಡನೇ ಆಟ. ಬಿಳಿ ಕಾಯಿ ಡೀಪ್ ಬ್ಲೂನದು. ಮಂತ್ರಿಯನ್ನು ಒಳನುಗ್ಗಿಸಿದರೆ ಕಾಲಾಳುಗಳು ಸಿಗುತ್ತಿದ್ದವು. ಎಲ್ಲ ಯಂತ್ರಗಳೂ ಅಂಥದ್ದಕ್ಕೆ ಬಾಯಿಬಿಡುತ್ತವೆ ಎಂದು ಕಾಸ್ಪರೋವ್ ನಂಬಿದ್ದರು. ಡೀಪ್ ಬ್ಲೂ ಅದನ್ನು ಮುಟ್ಟಲಿಲ್ಲ. ಒಂಟೆಯನ್ನು ನಡುಮನೆಯಲ್ಲಿ ಕೂರಿಸಿ ಎದುರಾಳಿಯ ಉಸಿರು ಕಟ್ಟಿಸಿತು. 45ನೇ ನಡೆಯ ಹೊತ್ತಿಗೆ ಕಾಸ್ಪರೋವ್ ಸೋಲೊಪ್ಪಿಕೊಂಡು ಎದ್ದರು. ಮರುದಿನ ಗೊತ್ತಾದದ್ದು ಬೇರೆಯೇ: ಕೊನೆಯ ಸ್ಥಿತಿಯಲ್ಲಿ ತಮ್ಮ ಮಂತ್ರಿಯನ್ನು ಮುಂದೆ ತಂದಿದ್ದರೆ ಮೇಲಿಂದ ಮೇಲೆ ಚೆಕ್ ಕೊಟ್ಟು ಡ್ರಾ ಮಾಡಿಕೊಳ್ಳುವ ದಾರಿ ಇತ್ತು! ಇಷ್ಟು ಚೆನ್ನಾಗಿ ಆಡಿದ ಯಂತ್ರ ಡ್ರಾಗೆ ಎಡೆ ಬಿಟ್ಟಿರಲಾರದು ಎಂದುಕೊಂಡು ಅವರು ಆ ದಾರಿಯನ್ನು ಹುಡುಕಲೇ ಇಲ್ಲ. ಜಗತ್ತಿನ ಅತ್ಯುತ್ತಮ ಕಣ್ಣು ತನ್ನನ್ನೇ ನಂಬದೆ ಹೋದ ಆ ಕ್ಷಣವನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಆಮೇಲೆ ಅನುಮಾನ ಹೊಕ್ಕಿತು. ಯಂತ್ರದ ಹಿಂದೆ ಮನುಷ್ಯನ ಕೈಯಿದೆಯೇ ಎಂದು ಕೇಳುತ್ತ ಅವರು, ಫುಟ್‌ಬಾಲ್‌ನಲ್ಲಿ ಕೈಯಿಂದ ಗೋಲು ಹೊಡೆದ ಮರಡೋನಾ ಹೇಳಿದ 'ದೇವರ ಕೈ'ಯನ್ನು ನೆನಪಿಸಿದರು. ಯಂತ್ರದ ದಾಖಲೆ ಬೇಕೆಂದು ಪಟ್ಟುಹಿಡಿದರು. ಮುಂದಿನ ಮೂರು ಆಟಗಳೂ ಡ್ರಾ. ಆರನೆಯದರಲ್ಲಿ ಕುದುರೆ ಬಲಿಗೆ ಅವಕಾಶ ಕೊಡುವ ನಡೆ ಆಡಿದರು. ಯಂತ್ರ ಬಲಿ ಕೊಡಲಾರದು ಎಂಬ ಎಣಿಕೆಯೂ ಕೈಕೊಟ್ಟಿತು: ಆ ಬಲಿಯ ನಡೆ ಡೀಪ್ ಬ್ಲೂಗೆ ಮನುಷ್ಯರು ಮೊದಲೇ ಕಲಿಸಿಟ್ಟಿದ್ದ ಆರಂಭದ ನಡೆಗಳಲ್ಲಿತ್ತು. ಮರುಪಂದ್ಯಕ್ಕೆ ಐಬಿಎಂ ಒಪ್ಪಲಿಲ್ಲ. ಯಂತ್ರವನ್ನು ಕಳಚಿ ಮ್ಯೂಸಿಯಂ ಸೇರಿಸಿತು.

ಉಳಿದದ್ದು ಬೇಗ ಮುಗಿಯಿತು. 2002ರಲ್ಲಿ ಬಹರೇನ್‌ನಲ್ಲಿ ಡೀಪ್ ಫ್ರಿಟ್ಜ್ ಎಂಬ ಪ್ರೋಗ್ರಾಂ ಎದುರು 4–4 ಸಮ ಮಾಡಿದ್ದ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್, 2006ರಲ್ಲಿ ಬಾನ್‌ನಲ್ಲಿ 2–4ರಿಂದ ಸೋತರು. ಅಲ್ಲೊಂದು ಆಟದಲ್ಲಿ ಒಂದೇ ನಡೆಯ ಚೆಕ್‌ಮೇಟ್ ಅವರ ಕಣ್ತಪ್ಪಿತು.

ಈಗ ಸಮಬಲದ ಪಂದ್ಯ ಯಾರೂ ಕೇಳುವುದಿಲ್ಲ. ಲೀಲಾ ಎಂಬ ಪ್ರೋಗ್ರಾಮಿನ ಒಂದು ರೂಪ ಆಟದ ಮೊದಲೇ ತನ್ನ ಮಂತ್ರಿಯನ್ನು ತೆಗೆದಿಟ್ಟು ಆಡಲು ಕೂರುತ್ತದೆ. ಒಂದು ಇಡೀ ಮಂತ್ರಿ ಹೆಚ್ಚಿಗೆ ಇದ್ದೂ, ಕೆಲವೇ ನಿಮಿಷಗಳ ಬ್ಲಿಟ್ಜ್ ಆಟದಲ್ಲಿ ನುರಿತ ಆಟಗಾರರು ಅದಕ್ಕೆ ಸೋಲುತ್ತಾರೆ.