ಮಗು ಬೆಳೆಯುತ್ತಿಲ್ಲವೇ? ನೆಲದ ಧೂಳನ್ನೂ ನೋಡಿ

ಬೆಳವಣಿಗೆಯ ಪಟ್ಟಿಯಲ್ಲಿ ಮಗುವಿನ ಗೆರೆ ಕೆಳಗಿಳಿಯತೊಡಗಿದರೆ ವೈದ್ಯರಾದ ನಾವು ಮೊದಲು ಕೇಳುವುದು ಊಟದ ಬಗ್ಗೆ. ಆಮೇಲೆ ಭೇದಿ, ಜಂತುಹುಳು, ತಂದೆತಾಯಿಯ ಎತ್ತರ. ಮಗು ದಿನವಿಡೀ ಹರಿದಾಡುವ ನೆಲದ ವಿಚಾರ ಕೇಳುವವರು ಕಡಿಮೆ. ಕೇಳಲೇಬೇಕು ಎನ್ನುವವನು ನಾನು.

ಹಳೆಯ ಬಣ್ಣ ಉದುರುತ್ತಿರುವ ಕಿಟಕಿಯ ಬಳಿ ಒಂದೂವರೆ ವರ್ಷದ ಮಗು ಆಡುವುದನ್ನು ಸ್ವಲ್ಪ ಹೊತ್ತು ಗಮನಿಸಿ. ಅಂಗೈ ನೆಲಕ್ಕೆ, ಬೆರಳು ಬಾಯಿಗೆ, ಮತ್ತೆ ನೆಲಕ್ಕೆ. ಹಳೆಯ ಬಣ್ಣದ ಧೂಳಿನಲ್ಲಿ ಸೀಸ ಎಂಬ ವಿಷಕಾರಿ ಲೋಹ ಇರಬಹುದು. ಹೀಗೆ ಹೊಟ್ಟೆ ಸೇರಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಕರುಳಿನಲ್ಲಿ ಕಬ್ಬಿಣಾಂಶವನ್ನು ಒಳಗೆ ಸಾಗಿಸುವ ಪ್ರೋಟೀನ್ ಸೀಸವನ್ನೂ ಸಾಗಿಸುತ್ತದೆ. ಕಬ್ಬಿಣಾಂಶ ಕುಸಿದಾಗ ಆ ಪ್ರೋಟೀನ್ ಹೆಚ್ಚುತ್ತದೆ. ಹಾಗಾಗಿ ರಕ್ತಹೀನತೆಯ ಮಗುವಿಗೇ ಸೀಸದ ಪಾಲೂ ಹೆಚ್ಚು. ಕಾರಣ ಊಟವೋ ಸೀಸವೋ ಎಂದು ಒಂದನ್ನೇ ಹಿಡಿದು ಕೂತರೆ ಕೆಟ್ಟಿತು.

ಒಳಹೊಕ್ಕ ಸೀಸ ಕ್ಯಾಲ್ಸಿಯಂನ ಜಾಗ ಹಿಡಿದು ಮೂಳೆಯಲ್ಲಿ ದಶಕಗಳ ಕಾಲ ಉಳಿಯುತ್ತದೆ. ಮೂಳೆ ಉದ್ದವಾಗುವುದು ಅದರ ತುದಿಯ ಮೃದ್ವಸ್ಥಿಯಿಂದ. ಅಲ್ಲಿನ ಕೋಶಗಳ ಕೆಲಸಕ್ಕೂ ಸೀಸ ಅಡ್ಡಿಪಡಿಸುತ್ತದೆ. ಸೀಸವೊಂದೇ ಅಲ್ಲ, ಮೂತ್ರಪಿಂಡ ಮತ್ತು ಮೂಳೆಗೆ ಕೇಡು ಮಾಡುವ ಕ್ಯಾಡ್ಮಿಯಂ ಎಂಬ ಲೋಹ ತಂಬಾಕಿನ ಹೊಗೆಯಲ್ಲೂ ಇರುತ್ತದೆ. ಅಂತರ್ಜಲದಲ್ಲಿ ಸೇರಿರಬಹುದಾದ ಆರ್ಸೆನಿಕ್ ಎಂಬ ವಿಷ ನೀರು ಕುದಿಸಿದರೆ ಹೋಗುವುದಿಲ್ಲ.

ಹಾಗೆಂದು ಕುಳ್ಳಗಿರುವ ಪ್ರತಿ ಮಗುವಿನ ಮೇಲೂ ಲೋಹದ ಅನುಮಾನ ಬೇಡ. ರಕ್ತದಲ್ಲಿ ಸೀಸ ಹೆಚ್ಚಿರುವ ಮಕ್ಕಳ ಎತ್ತರ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ ನಿಜ. ಆದರೆ ಬಡತನವೂ ಜೊತೆಗೇ ಇರುವಾಗ ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ. ನನಗಂತೂ ಎತ್ತರಕ್ಕಿಂತ ಮಿದುಳಿನ ಚಿಂತೆಯೇ ದೊಡ್ಡದು. ಅದಕ್ಕೆ ಸುರಕ್ಷಿತ ಎನ್ನಬಹುದಾದ ಸೀಸದ ಮಟ್ಟವೇ ಇಲ್ಲ.

ಸೀಸದ ಪರೀಕ್ಷೆಗೆಂದು ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ಧೂಳು ಸೇರಿಬಿಡಬಹುದು. ಅಂಕಿ ಹೆಚ್ಚು ಬಂದರೆ ರಕ್ತನಾಳದಿಂದ ತೆಗೆದು ಖಚಿತಪಡಿಸಿಕೊಳ್ಳಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಎಚ್ಚರಿಕೆಯ ಮಟ್ಟವನ್ನು ಡೆಸಿಲೀಟರಿಗೆ 5ರಿಂದ 3.5 ಮೈಕ್ರೋಗ್ರಾಂಗೆ ಇಳಿಸಿತು. ಸೀಸ ಹೊರಹಾಕುವ ಔಷಧ ಕೊಡುವುದು ಸಾಮಾನ್ಯವಾಗಿ 45 ತಲುಪಿದಾಗ. ಅದಕ್ಕಿಂತ ಕೆಳಗಿದ್ದರೆ ಮೂಲವನ್ನು ಹುಡುಕಿ ತೆಗೆಯುವುದೇ ಚಿಕಿತ್ಸೆ, ಜೊತೆಗೆ ಕಬ್ಬಿಣಾಂಶದ ಕೊರತೆ ನೀಗಿಸುವುದು. ಒಣ ಪೊರಕೆಯಿಂದ ಗುಡಿಸಿದರೆ ಧೂಳು ಏಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಬ್ಯಾಟರಿ ಬಿಚ್ಚುವ, ಹಳೆಯ ಬಣ್ಣ ಕೆರೆಯುವ ಕೆಲಸದವರು ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಬೇಕು. ಒಂದು ಮಗುವಿನ ರಕ್ತದಲ್ಲಿ ಸೀಸ ಸಿಕ್ಕರೆ ಅದೇ ಮನೆಯ ಉಳಿದ ಎಳೆಯರ ರಕ್ತವನ್ನೂ ಪರೀಕ್ಷೆಗೆ ಕಳಿಸಿ.