ಬೇಯಿಸಿದ ಮೇಲೆ ಬರುವ ಬ್ಯಾಕ್ಟೀರಿಯಾ

ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತೆ. ಆಹಾರ ಕಾರ್ಖಾನೆಗಳು ಬಹಳ ಕಾಲ ನೆಚ್ಚಿಕೊಂಡಿದ್ದು ಇದನ್ನೇ. ಅದು ಸುಳ್ಳೂ ಅಲ್ಲ. ಫ್ರಾನ್ಸಿನ ನಿಕೋಲಾ ಅಪೆರ್, ಬಾಟಲಿಯಲ್ಲಿ ಆಹಾರ ತುಂಬಿ ಬಿಗಿಯಾಗಿ ಮುಚ್ಚಿ ಕುದಿಸುವ ವಿಧಾನವನ್ನು 1810ರಲ್ಲೇ ಪ್ರಕಟಿಸಿದ್ದರು. ಅದು ಯಾಕೆ ಕೆಡುವುದಿಲ್ಲ ಅನ್ನೋದು ತಿಳಿದಿದ್ದು ಅರ್ಧ ಶತಮಾನದ ನಂತರ, ಪಾಶ್ಚರ್ ಅವರಿಂದ.

1960ರ ದಶಕದಲ್ಲಿ ಗಗನಯಾತ್ರಿಗಳ ಊಟ ತಯಾರಿಸುವಾಗ ಹೊಸ ತೊಡಕು ಎದುರಾಯಿತು. ಪೊಟ್ಟಣ ಒಡೆದು ಪರೀಕ್ಷಿಸಿದರೆ ಅದು ತಿನ್ನೋಕೆ ಉಳಿಯಲ್ಲ. ಒಡೆಯದ ಪೊಟ್ಟಣಕ್ಕೆ ಖಾತ್ರಿ ಇಲ್ಲ. ಹಾಗಾಗಿ ಪಿಲ್ಸ್‌ಬರಿ ಕಂಪನಿ, ನಾಸಾ ಮತ್ತು ಅಮೆರಿಕದ ಸೇನೆಯ ಪ್ರಯೋಗಾಲಯ ಸೇರಿ ಬೇರೆ ದಾರಿ ಹಿಡಿದವು: ಅಪಾಯ ಯಾವ ಹಂತದಲ್ಲಿ ಹುಟ್ಟುತ್ತೆ ಅಂತ ಮೊದಲೇ ಗುರುತಿಸಿ, ಅಲ್ಲೇ ತಡೆಯುವುದು. ಅದೇ ಹ್ಯಾಸಪ್ ಪದ್ಧತಿ. 1971ರಲ್ಲೇ ಅದನ್ನು ಎಲ್ಲರ ಮುಂದಿಟ್ಟರೂ, ಅಮೆರಿಕದ ಮಾಂಸದ ಕಾರ್ಖಾನೆಗಳಿಗೆ ಕಡ್ಡಾಯ ಮಾಡುವ ನಿಯಮ ಬಂದಿದ್ದು 1996ರಲ್ಲಿ. ಅಷ್ಟರೊಳಗೆ, 1993ರಲ್ಲಿ, ಸರಿಯಾಗಿ ಬೇಯದ ಹ್ಯಾಂಬರ್ಗರ್‌ನಲ್ಲಿದ್ದ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ ನಾಲ್ಕು ಮಕ್ಕಳನ್ನು ಬಲಿ ತೆಗೆದುಕೊಂಡಿತ್ತು.

ಬೇಯಿಸಿದರೂ ಸಾಲದು ಅಂತ ಕಲಿಸಿದ್ದು ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ. ಇದು ಫ್ರಿಜ್‌ನ ತಂಪಲ್ಲೂ ಬೆಳೆಯುತ್ತೆ. 2008ರಲ್ಲಿ ಕೆನಡಾದಲ್ಲಿ ತಿನ್ನಲು ಸಿದ್ಧವಾದ ಮಾಂಸದಿಂದ 20ಕ್ಕೂ ಹೆಚ್ಚು ಜನ ಸತ್ತರು. ಮಾಂಸ ಬೆಂದೇ ಇತ್ತು. ಬ್ಯಾಕ್ಟೀರಿಯಾ ಅಡಗಿದ್ದು ಅದನ್ನು ಹೋಳು ಮಾಡುವ ಯಂತ್ರದ ಒಳಗೆ, ದಿನನಿತ್ಯ ತೊಳೆಯುವಾಗ ಕೈಗೆಟುಕದ ಜಾಗದಲ್ಲಿ. 2017-18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಇದೇ ಲಿಸ್ಟೀರಿಯಾದಿಂದ 200ಕ್ಕೂ ಹೆಚ್ಚು ಸಾವು. ಅಲ್ಲಿ ಮೂಲ, ಪೊಲೋನಿ ಅನ್ನೋ ಸಂಸ್ಕರಿಸಿದ ಮಾಂಸ.

ಯಂತ್ರದ ಸಂದು, ಬಿರುಕು ಬಿಟ್ಟ ರಬ್ಬರ್ ಗ್ಯಾಸ್ಕೆಟ್, ನೆಲದ ಡ್ರೈನ್. ತೇವ ಮತ್ತು ಒಂದಿಷ್ಟು ಜಿಡ್ಡು ಇದ್ದರೆ ಸಾಕು, ಲಿಸ್ಟೀರಿಯಾ ಅಂಟು ಪದರ ಕಟ್ಟಿಕೊಂಡು ಅಲ್ಲೇ ಬೀಡುಬಿಡುತ್ತೆ. ಜಿಡ್ಡು ಹೋಗದೆ ಸುಮ್ನೆ ಸ್ಯಾನಿಟೈಸರ್ ಸುರಿದರೆ ಪ್ರಯೋಜನವಿಲ್ಲ. ಯಂತ್ರ ಬಿಚ್ಚಬೇಕು, ಸೋಪು ಹಾಕಿ ಉಜ್ಜಬೇಕು, ತೊಳೆಯಬೇಕು, ಆಮೇಲೆ ಸ್ಯಾನಿಟೈಸರ್. ಡ್ರೈನ್‌ಗೆ ಜೋರಾಗಿ ಪೈಪಿನ ನೀರು ಹಾಯಿಸಿದರಂತೂ ಅಲ್ಲಿದ್ದ ಬ್ಯಾಕ್ಟೀರಿಯಾ ಹನಿಗಳ ಜೊತೆ ಹಾರಿ ಆಹಾರ ಸಾಗಿಸುವ ಶುಚಿಯಾದ ಬೆಲ್ಟ್ ಮೇಲೆ ಕೂರುತ್ತೆ.

ಅದಕ್ಕೇ ಈಗ ಆಹಾರದ ಜೊತೆ ನೆಲ, ಡ್ರೈನ್, ಯಂತ್ರಗಳಿಂದಲೂ ಸ್ವ್ಯಾಬ್ (ಒರೆಸಿ ತೆಗೆದ ಮಾದರಿ) ತೆಗೆದು ಪರೀಕ್ಷಿಸುತ್ತಾರೆ. ವರ್ಷವಿಡೀ ಒಂದೂ ಪಾಸಿಟಿವ್ ಬರದ ಒದ್ದೆ ನೆಲದ ಕಾರ್ಖಾನೆ ಕಂಡರೆ ನನಗೆ ಅನುಮಾನವೇ ಜಾಸ್ತಿ. ಸುಲಭದ ಜಾಗದಲ್ಲಷ್ಟೇ ಹುಡುಕುತ್ತಿರಬಹುದು, ಅಲ್ವಾ? ಡ್ರೈನ್‌ನಲ್ಲಿ ಬ್ಯಾಕ್ಟೀರಿಯಾ ಪತ್ತೆ ಹಚ್ಚಿದ ಕೆಲಸಗಾರನನ್ನು ಬೈಯಬಾರದು. ಅದು ಆಹಾರಕ್ಕೆ ತಗಲುವ ಮೊದಲೇ ಅವನಿಗೆ ಸಿಕ್ಕಿದೆ.